ಕಾಗದದ ಮೇಲಿನ ಚುಕ್ಕೆ ಚೌಕವಲ್ಲ

ಪ್ರೆಸ್ಸಿಗೆ ಬೂದು ಬಣ್ಣ ಗೊತ್ತಿಲ್ಲ. ಶಾಯಿ ಹಾಕುತ್ತದೆ, ಇಲ್ಲವೇ ಬಿಡುತ್ತದೆ. ಅದಕ್ಕೇ ಫೋಟೋದ ನೆರಳು ಬೆಳಕನ್ನೆಲ್ಲ ಚುಕ್ಕೆಗಳಾಗಿ ಒಡೆಯಬೇಕು. 1852ರಲ್ಲೇ ಫೋಟೋಗ್ರಫಿಯ ಆದ್ಯರಲ್ಲೊಬ್ಬರಾದ ಇಂಗ್ಲೆಂಡಿನ ಟಾಲ್ಬಟ್ ತೆಳು ಬಟ್ಟೆ ಅಡ್ಡ ಹಿಡಿದು ಈ ಕೆಲಸಕ್ಕೆ ಕೈಹಾಕಿದ್ದರು. ಆಮೇಲೆ ಚಿತ್ರವನ್ನು ಚುಕ್ಕೆಗಳಾಗಿ ಒಡೆಯುವ, ಗೆರೆ ಕೊರೆದ ಗಾಜಿನ ಜಾಲರಿ, ಅಂದರೆ ಸ್ಕ್ರೀನ್, ಬಂತು. ಅದನ್ನು ಎಲ್ಲಿ ಕೂರಿಸಬೇಕೆಂದು ಅಂದಾಜಿನ ಬದಲು ಲೆಕ್ಕ ಹಾಕಿದವರಲ್ಲಿ ಕಲ್ಕತ್ತೆಯ ಉಪೇಂದ್ರಕಿಶೋರ್ ರಾಯ್‌ಚೌಧರಿ ಒಬ್ಬರು. ಸತ್ಯಜಿತ್ ರಾಯ್ ಅವರ ಅಜ್ಜ.

ಕಂಪ್ಯೂಟರಿನಲ್ಲಿ ಈ ಸ್ಕ್ರೀನ್ ಎಂದರೆ ಮನೆಗೊಂದು ಸಂಖ್ಯೆ ತುಂಬಿದ ಚೌಕ. ಚಿತ್ರದ ಆ ಜಾಗ ಮನೆಯ ಸಂಖ್ಯೆ ಮೀರುವಷ್ಟು ಕಪ್ಪಾಗಿದ್ದರೆ ಚುಕ್ಕೆ, ಇಲ್ಲದಿದ್ದರೆ ಖಾಲಿ. 1973ರಲ್ಲಿ ಕೊಡಾಕ್‌ನ ಬ್ರೈಸ್ ಬೇಯರ್ ಚುಕ್ಕೆಗಳು ಆದಷ್ಟು ದೂರ ದೂರ ಬೀಳುವ ಹಾಗೆ ಸಂಖ್ಯೆ ಜೋಡಿಸಿ ಕೊಟ್ಟರು. ಲೆಕ್ಕ ಚೆನ್ನಾಗಿತ್ತು. ತೊಂದರೆ ಶುರುವಾದದ್ದು ಪ್ರಿಂಟರಿನಲ್ಲಿ.

ಲೆಕ್ಕದ ಚುಕ್ಕೆ ಚೌಕ, ಕಾಗದದ ಚುಕ್ಕೆ ದುಂಡಗೆ. ಮೂಲೆ ಬಿಡದೆ ಮನೆ ಮುಚ್ಚಬೇಕಾದರೆ ದುಂಡು ಚುಕ್ಕೆಯ ವಿಸ್ತೀರ್ಣ ಮನೆಯ 1.57 ಪಟ್ಟು ಇರಬೇಕು. ಹೆಚ್ಚಿದ್ದು ಪಕ್ಕದ ಮನೆಗೆ ಚಾಚುತ್ತದೆ. ಚದುರಂಗದ ಹಾಸಿನ ಹಾಗೆ ಒಂದು ಬಿಟ್ಟು ಒಂದು ಮನೆ ತುಂಬಿ ನೋಡಿ: ಲೆಕ್ಕದಲ್ಲಿ ಶೇ 50 ಕಪ್ಪು, ಕಾಗದದಲ್ಲಿ ಸುಮಾರು ಶೇ 79! ಶಾಯಿ ಹೀರಿ ಹರಡುವ ಕಾಗದವಾದರೆ ಇನ್ನೂ ಜಾಸ್ತಿ. ಲೇಸರ್ ಪ್ರಿಂಟರಿನದು ಬೇರೆಯೇ ಹಟ. ಒಂಟಿ ಚುಕ್ಕೆಗೆ ಟೋನರ್ ಪುಡಿ ಒಮ್ಮೆ ಅಂಟುತ್ತದೆ, ಒಮ್ಮೆ ಇಲ್ಲ.

ಹಾಗಾಗಿ ಯಂತ್ರಕ್ಕೆ ತಕ್ಕ ಜೋಡಣೆ ಹುಡುಕಬೇಕು. 16ಕ್ಕೆ 16ರ ಚೌಕದಲ್ಲಿ 256 ಸಂಖ್ಯೆಗಳನ್ನು ಕೂರಿಸುವ ಬಗೆ ಎಷ್ಟು? ಉತ್ತರವೇ 507 ಅಂಕಿ ಉದ್ದ. ಎಲ್ಲವನ್ನೂ ನೋಡುವ ಮಾತು ಬಿಡಿ. 1975ರಲ್ಲಿ ಜಾನ್ ಹಾಲೆಂಡ್ ಗಟ್ಟಿ ರೂಪ ಕೊಟ್ಟ ಜೆನೆಟಿಕ್ ಅಲ್ಗಾರಿದಮ್ ಇಲ್ಲಿ ಕೆಲಸಕ್ಕೆ ಬಂತು. ಒಂದಷ್ಟು ಸ್ಕ್ರೀನ್ ಹುಟ್ಟಿಸಿ, ಒಳ್ಳೆಯವನ್ನು ಉಳಿಸಿ, ಅವುಗಳಿಂದ ಮರಿ ಮಾಡಿಸುವುದು. ಸುಮ್ನೆ ಅರ್ಧ ಅಪ್ಪನದು, ಅರ್ಧ ಅಮ್ಮನದು ಅಂಟಿಸಿದರೆ ನಡೆಯದು. ಒಂದು ಸಂಖ್ಯೆ ಎರಡು ಸಲ ಬಂದು ಇನ್ನೊಂದು ಕಾಣೆಯಾಗುತ್ತದೆ, ಬೂದಿನ ಮೆಟ್ಟಿಲು ತಪ್ಪುತ್ತದೆ. ಪ್ರತಿ ಸಂಖ್ಯೆಯೂ ಒಂದೇ ಸಲ ಬರುವಂತೆ ಬೆರೆಸಬೇಕು.

ಪ್ರತಿ ಮರಿಯನ್ನೂ ಮುದ್ರಿಸಿ ನೋಡಲು ಯಾರಿಗೆ ಪುರುಸೊತ್ತು? ಮೊದಲು ಆ ಪ್ರಿಂಟರಿನಲ್ಲಿ ಕೆಲವು ಮಾದರಿ ಚೌಕ ಮುದ್ರಿಸಿ, ಅಳೆದು, ಅದರ ಗುಣವನ್ನು ಕಂಪ್ಯೂಟರಿಗೆ ಕಲಿಸುತ್ತಾರೆ. ಆ ನಕಲಿ ಪ್ರಿಂಟರಿನ ಚಿತ್ರವನ್ನು ಕಣ್ಣು ದೂರದಿಂದ ನೋಡುವಷ್ಟು ಮಸುಕು ಮಾಡುತ್ತಾರೆ. ಆಗಲೂ ತರಿತರಿ ಕಂಡರೆ ಮಾರ್ಕು ಕಡಿತ.

ನಿಧಾನದ ಕೆಲಸ ನಿಜ. ಆದರೆ ಒಮ್ಮೆ ಮಾಡಿದರೆ ಸಾಕು, ಮುದ್ರಿಸುವಾಗ ಅದೇ ಸರಳ ಹೋಲಿಕೆ. ನನ್ನ ಕೇಳಿದರೆ, ಹೇಳಿದ ಜಾಗಕ್ಕೇ ಚುಕ್ಕೆ ಹಾಕುವ ಒಳ್ಳೆ ಇಂಕ್‌ಜೆಟ್‌ಗೆ ಇಷ್ಟು ರಾಮಾಯಣ ಬೇಡ. ಖಾಲಿ ಜಾಗ ಹುಡುಕಿ ಚುಕ್ಕೆ ತುಂಬುವ, ರಾಬರ್ಟ್ ಉಲಿಕ್ನಿಯವರ 1993ರ ವಿಧಾನವೇ ಅದಕ್ಕೆ ಸಾಕು. ಹಟಮಾರಿ ಲೇಸರ್‌ಗೆ ಮಾತ್ರ ಈ ಮರಿ ಮಾಡಿಸುವ ಉಸಾಬರಿ.