ರೈಸರ್ ಅಗಲ ಒಂದು, ಲಿಂಬ್ ಅಗಲ ಇನ್ನೊಂದು. ಸರಿಹೋಗುತ್ತಾ?

ಪ್ರಶ್ನೆ: ಮೊದಲ ಸಲ ಟೇಕ್‌ಡೌನ್ ರಿಕರ್ವ್ (ಬಿಚ್ಚಿ ಜೋಡಿಸುವ, ತುದಿ ಬಾಗಿದ) ಬಿಲ್ಲು ಮಾಡುತ್ತಿದ್ದೇನೆ. ರೈಸರ್‌ಗೆ, ಅಂದರೆ ನಡುವಿನ ಹಿಡಿಗೆ, ಇಟ್ಟ ಮರ 1.75 ಇಂಚು ಅಗಲ ಇದೆ. ಲಿಂಬ್‌ಗೆ, ಅಂದರೆ ಬಾಗುವ ತೋಳಿಗೆ, ಸಿಕ್ಕ ಫೈಬರ್‌ಗ್ಲಾಸ್ ಪಟ್ಟಿ 1.5 ಇಂಚು. ಎರಡೂ ಒಂದೇ ಅಗಲ ಇರಲೇಬೇಕಾ? ರೈಸರನ್ನು ಈಗಲೇ ಸವರಿ ಸಣ್ಣ ಮಾಡಲಾ?

ಉತ್ತರ: ಇರಲೇಬೇಕು ಅಂತೇನಿಲ್ಲ. ಕಾಲು ಇಂಚು ವ್ಯತ್ಯಾಸ ಅಂದರೆ ಒಂದೊಂದು ಪಕ್ಕಕ್ಕೆ ಸುಮಾರು 3 ಮಿ.ಮೀ. ಅಷ್ಟೆ. ರೈಸರ್‌ನ ತುದಿಯನ್ನು ಲಿಂಬ್ ಕಡೆಗೆ ನಯವಾಗಿ ಇಳಿಸಿದರೆ ಮುಗಿಯಿತು. ಆದರೆ ಈಗಲೇ ಅರ ಹಿಡಿಯಬೇಡಿ. ಅದು ಕೊನೆಯ ಕೆಲಸ.

ಲಿಂಬ್‌ನ ಬುಡ ಮತ್ತು ಬಾಗುವ ಭಾಗ, ಎರಡನ್ನೂ ಬೇರೆ ಬೇರೆಯಾಗಿ ನೋಡಿ. ಬುಡದ ಒಳಗೆ ವೆಜ್ (ಬೆಣೆಯಂಥ ತುಂಡು) ಇರುವುದರಿಂದ ಅದು ದಪ್ಪ, ಬಾಗುವುದಿಲ್ಲ. ಬೋಲ್ಟ್ ತೂತಿನ ಎರಡೂ ಪಕ್ಕ ಗಟ್ಟಿಯಾಗಿ ಮರ ಉಳಿದಿದ್ದರೆ ಸಾಕು, ಅಲ್ಲಿನ ಅಗಲ ಬರೀ ನೋಟದ ವಿಷಯ. ವೆಜ್ ತೆಳುವಾಗಿ ಮುಗಿಯುವ ಜಾಗದಿಂದ ಆಚೆಗೆ ಹಾಗಲ್ಲ. ಅಲ್ಲಿ ಅಗಲ ಎಷ್ಟು ಕಮ್ಮಿಯಾದರೆ ಬಿಲ್ಲಿನ ಬಿಗಿಯೂ (ಹೆದೆ ಎಳೆಯಲು ಬೇಕಾದ ಬಲ, ಪೌಂಡಿನಲ್ಲಿ) ಅಷ್ಟೇ ಪಾಲು ಕಮ್ಮಿ. 1.75 ಇಂಚಿಗೆ ಲೆಕ್ಕ ಹಾಕಿದ 40 ಪೌಂಡ್ ಬಿಲ್ಲನ್ನು, ಅದೇ ದಪ್ಪದಲ್ಲಿ ಉದ್ದಕ್ಕೂ ಅದೇ ಪ್ರಮಾಣಕ್ಕೆ ಕಿರಿದು ಮಾಡಿದರೆ 34 ಪೌಂಡಿನ ಹತ್ತಿರ ಬರುತ್ತದೆ. ಕಳೆದುಕೊಂಡದ್ದನ್ನು ವಾಪಸ್ ಪಡೆಯಲು ದಪ್ಪ ಸುಮಾರು 5% ಹೆಚ್ಚಿಸಿದರೆ ಸಾಕು. ದಪ್ಪದ ಪರಿಣಾಮ ಘನದ ಲೆಕ್ಕದಲ್ಲಿ ಏರುತ್ತದೆ, ಅಗಲದ್ದು ನೇರ ಲೆಕ್ಕ.

ಪಕ್ಕಕ್ಕೆ ವಾಲದ ಗಟ್ಟಿತನಕ್ಕೆ ಮಾತ್ರ ಇದು ಉಲ್ಟಾ. ಅದು ಅಗಲದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. 1.75 ರಿಂದ 1.5ಕ್ಕೆ ಇಳಿದರೆ ಮೂರನೇ ಒಂದಕ್ಕಿಂತ ಜಾಸ್ತಿ ಹೋಯ್ತು. ತುದಿ ಬಿಲ್ಲುಗಾರನಿಂದ ಆಚೆಗೆ ಬಾಗಿದ ರಿಕರ್ವ್‌ನಲ್ಲಿ ಲಿಂಬ್ ತಿರುಚಿಕೊಳ್ಳುವ ಕಾಟ ಮೊದಲೇ ಇದೆ, ಅಲ್ವಾ? ಹಾಗಾಗಿ 1.5 ಇಂಚಿನ ಲಿಂಬ್ ಮಾಡುವವರು ತುದಿಯನ್ನು ಅವಸರದಲ್ಲಿ ಸಪೂರ ಮಾಡಬಾರದು. ಅಲ್ಲಿ ಮುಕ್ಕಾಲು ಇಂಚು ಅಗಲ ಬಿಟ್ಟುಕೊಂಡಿರಿ. ಹೆದೆ ಎಲ್ಲಿ ಕೂರುತ್ತದೆ ಅಂತ ನೋಡಿಕೊಂಡು ಆಮೇಲೆ ತೆಗೆದರಾಯ್ತು.

ನಿಜವಾಗಿ ಹೊಂದಬೇಕಾದದ್ದು ಅಂಚಲ್ಲ, ನಡುಗೆರೆ. ರೈಸರ್ ಮೇಲೂ ಲಿಂಬ್ ಮೇಲೂ ಮಾಸ್ಕಿಂಗ್ ಟೇಪ್ ಅಂಟಿಸಿ, ಚೂಪು ಪೆನ್ಸಿಲ್‌ನಲ್ಲಿ ನಡುಗೆರೆ ಎಳೆಯಿರಿ. ಬೋಲ್ಟ್ ಮತ್ತು ಪಿನ್ (ಲಿಂಬ್ ಪಕ್ಕಕ್ಕೆ ತಿರುಗದಂತೆ ಹಿಡಿಯುವ ಕಡ್ಡಿ) ತೂತುಗಳ ಅಳತೆಯನ್ನೆಲ್ಲ ಆ ಗೆರೆಯಿಂದಲೇ ತೆಗೆಯಿರಿ. ಅಂಚಿನಿಂದ ಅಳೆದರೆ, ಎರಡರ ಅಗಲ ಬೇರೆ ಇರುವಾಗ ಗ್ಯಾರಂಟಿ ಎಡವಟ್ಟು. ಬೋಲ್ಟ್‌ಗೂ ಪಿನ್‌ಗೂ ನಡುವೆ 50 ಮಿ.ಮೀ. ಇದೆ, ಅಲ್ಲಿಂದ ತುದಿಗೆ 450 ಮಿ.ಮೀ. ಇದೆ ಅಂತಿಟ್ಟುಕೊಳ್ಳಿ. ಪಿನ್ ತೂತು ಬರೀ ಅರ್ಧ ಮಿ.ಮೀ. ಪಕ್ಕಕ್ಕೆ ಸರಿದರೂ ತುದಿ 4–5 ಮಿ.ಮೀ. ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ಕೈ ಡ್ರಿಲ್‌ನಲ್ಲಿ ತೂತು ಹೊಡೆಯುವ ಧೈರ್ಯ ನನಗಂತೂ ಇಲ್ಲ. ಡ್ರಿಲ್ ಪ್ರೆಸ್ ಬೇಕು, ಎರಡೂ ಲಿಂಬ್‌ಗೆ ಒಂದೇ ಟೆಂಪ್ಲೇಟ್ ಬೇಕು.

ತೂತು ಮುಗಿದ ಮೇಲೆ ಲಿಂಬ್ ಬಿಗಿದು, ಸಡಿಲವಾಗಿ ಹೆದೆ ಏರಿಸಿ, ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ. ಹೆದೆ ಎರಡೂ ತುದಿಯ ನಡುವಿನಿಂದ ಹೊರಟು ರೈಸರ್‌ನ ಗೆರೆ ಮೇಲೆ ಹಾದುಹೋಗಬೇಕು. ಅಷ್ಟಾದ ಮೇಲೆ ಲಿಂಬ್ ಬಿಚ್ಚದೆ, ಬೋಲ್ಟ್ ಬಿಗಿದೇ ಇಟ್ಟು, ರೈಸರ್ ಮತ್ತು ಬುಡ ಎರಡನ್ನೂ ಒಟ್ಟಿಗೆ ಉಜ್ಜಿ ಒಂದಾಗಿಸಿ. ಯಾವ ಲಿಂಬ್ ಮೇಲಿನದು, ಯಾವುದು ಕೆಳಗಿನದು ಅಂತ ಬರೆದಿಡಿ.

ಇದೆಲ್ಲ ಬಯಲಾಗಿ ಕೂರುವ ಲಿಂಬ್‌ನ ಮಾತು. ನಿಮ್ಮ ರೈಸರ್‌ನಲ್ಲಿ ಲಿಂಬ್ ಕೂರಲು ಎರಡು ಗೋಡೆಗಳ ಪಾಕೆಟ್ ಇದ್ದರೆ ಅಗಲ ಕರಾರುವಾಕ್ಕಾಗಿ ಹೊಂದಲೇಬೇಕು. ವಾರ್ನಿಶ್ ಪದರಕ್ಕೂ, ತೇವಕ್ಕೆ ಮರ ಉಬ್ಬುವುದಕ್ಕೂ ಕೂದಲೆಳೆಯಷ್ಟು ಜಾಗ ಬಿಡಿ. ಲಿಂಬ್ ಕಿರಿದಾಗಿ ಅಲುಗಾಡಿದರೆ ಕಾಗದ ತುರುಕಬೇಡಿ. ಬುಡದ ಎರಡೂ ಪಕ್ಕ ಒಂದೇ ದಪ್ಪದ ಮರದ ಪಟ್ಟಿ ಎಪಾಕ್ಸಿಯಲ್ಲಿ ಅಂಟಿಸಿ.

ರೈಸರ್‌ಗಿಂತ ಲಿಂಬೇ ಅಗಲ ಇದ್ದರೆ ಇನ್ನೂ ಸುಲಭ, ಹೊರಗೆ ಚಾಚಿದ್ದನ್ನು ಉಜ್ಜಿ ತೆಗೆದರಾಯ್ತು. ಗ್ಲಾಸ್‌ನ ಅಂಚು ಕೈ ಕೊಯ್ಯುತ್ತದೆ, ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಾಸ್ಕ್ ಹಾಕದೆ ಉಜ್ಜಬೇಡಿ.