ನದಿ ಕಾಯುವಲ್ಲಿ ಊರಿನ ಪಾಲು: ಶಿಶಿಲದ ದೇವರ ಮೀನು

ನದಿ, ಪರಂಪರೆಗಳನ್ನು ಕಾಯುವಲ್ಲಿ ‘ಸಮುದಾಯ ಸಹಭಾಗಿತ್ವ’ದ, ಅಂದರೆ ಊರಿನ ಜನರ ಪಾಲುಗಾರಿಕೆಯ, ಪಾತ್ರವೇನು ಅನ್ನುವ ಪರೀಕ್ಷೆಯ ಪ್ರಶ್ನೆಗೆ ಈ ಪದವನ್ನು ಎಷ್ಟೋ ಸಲ ಬಾಯಿಪಾಠ ಮಾಡಿದ್ದೆ. ಅದರೊಳಗೆ ಏನಿದೆ ಅಂತ ಗೊತ್ತಾಗಿದ್ದು ಶಿಶಿಲದ ಬಗ್ಗೆ ಓದಿದ ಮೇಲೆಯೇ. ಅಲ್ಲಿಂದಲೇ ಶುರು ಮಾಡೋಣ.

ಶಿಶಿಲ ಇರುವುದು ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ. ಶಿಶಿಲೇಶ್ವರ ದೇವಸ್ಥಾನದ ಪಕ್ಕದಲ್ಲೇ ಕಪಿಲಾ ನದಿ. ಅಲ್ಲಿನ ಮಹಶೀರ್ ಮೀನುಗಳು ದೇವರವು, ಯಾರೂ ಹಿಡಿಯುವುದಿಲ್ಲ. ಭಕ್ತರು ಒಂದು ಹಿಡಿ ತಿನಿಸು ಎರಚಿದರೆ ಸಾಕು, ಕಪ್ಪು ಬೆನ್ನುಗಳು ಒಂದರ ಮೇಲೊಂದು ನುಗ್ಗಿ ನೀರು ಕುದಿಯುವಂತೆ ಕಾಣುತ್ತದೆ. ಶೃಂಗೇರಿಯ ತುಂಗಾ ತೀರದಲ್ಲೂ ಕಾವೇರಿ ದಡದ ರಾಮನಾಥಪುರದಲ್ಲೂ ಇದೇ ಪದ್ಧತಿ ಇದೆ.

1996ರಲ್ಲಿ ಶಿಶಿಲದ ನದಿಗೆ ಯಾರೋ ವಿಷ ಹಾಕಿದರು. ಸಾವಿರಾರು ಮೀನು ಸತ್ತು ತೇಲಿದವು. ಊರವರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿಸಿದರು, ಉಳಿದವನ್ನು ಕಾಯಲು ವೇದಿಕೆಯೊಂದನ್ನು ಮಾಡಿಕೊಂಡರು. ಮೀನಿಗೆ ಸ್ಮಾರಕ! ಇದನ್ನು ಓದಿದಾಗ ನನಗೆ ಗಂಟಲು ಕಟ್ಟಿತು. ದೇವರ ಭಯವೊಂದನ್ನೇ ನಂಬಿ ಕೂತರೆ ಸಾಲದು, ಎಚ್ಚರವಿರುವ ಜನರೂ ಬೇಕು ಅಂತ ಊರಿಗೆ ಮನವರಿಕೆಯಾಗಿದ್ದು ಆಗಲೇ ಇರಬೇಕು.

ಇನ್ನು ಕಾನೂನು. ಸಂವಿಧಾನದ 51ಎ ವಿಧಿಯಲ್ಲಿ ಪರಂಪರೆಯನ್ನು ಉಳಿಸುವುದು (ಎಫ್), ನದಿ, ಕೆರೆ, ಕಾಡುಗಳನ್ನು ಕಾಪಾಡುವುದು (ಜಿ), ಎರಡೂ ನಾಗರಿಕರ ಮೂಲಭೂತ ಕರ್ತವ್ಯಗಳೇ. ಶಿಶಿಲದಲ್ಲಿ ಇವೆರಡನ್ನು ಬೇರೆ ಮಾಡಿ ನೋಡಲು ಆಗುವುದೇ ಇಲ್ಲ. ಜೀವವೈವಿಧ್ಯ ಕಾಯ್ದೆ, 2002ರ 41ನೇ ಸೆಕ್ಷನ್ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಮೀನು, ಗಿಡ, ಅವುಗಳ ಬಗ್ಗೆ ಹಿರಿಯರಿಗಿರುವ ತಿಳಿವಳಿಕೆಯನ್ನೆಲ್ಲ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡುವುದು ಈ ಸಮಿತಿಯ ಕೆಲಸ. ಜೀವವೈವಿಧ್ಯಕ್ಕೆ ಮುಖ್ಯವಾದ ಜಾಗವನ್ನು ಪಾರಂಪರಿಕ ತಾಣ ಅಂತ ಘೋಷಿಸಲು ಇದೇ ಕಾಯ್ದೆಯ 37ನೇ ಸೆಕ್ಷನ್ ಇದೆ.

ಪುಸ್ತಕದಲ್ಲಿ ಸಿಗದ, ಆದರೆ ನನಗೆ ತೀರಾ ಮುಖ್ಯ ಅನಿಸುವ ಮಾತು ಇನ್ನೊಂದಿದೆ. ದೇವಸ್ಥಾನದ ಕಾವಲು ಇರುವುದು ಅದರ ಪಕ್ಕದ ಮಡುವಿಗೆ (ನದಿಯ ಆಳದ ಗುಂಡಿಗೆ) ಮಾತ್ರ. ಮಳೆಗಾಲದಲ್ಲಿ ಮೊಟ್ಟೆ ಇಡಲು ಮಹಶೀರ್ ನೀರಿಗೆ ಎದುರಾಗಿ ಮೇಲಕ್ಕೆ ಹತ್ತುತ್ತದೆ. ಆ ಕಾವಲಿನ ಗಡಿ ದಾಟಿದ ಮೇಲೆ ಬಲೆ, ತೋಟೆ (ಸಿಡಿಮದ್ದು), ವಿಷ ಯಾವುದಕ್ಕೂ ಸಿಗಬಹುದು. ಬೇಸಿಗೆಯಲ್ಲಿ ಬೇರೆ ತೊಂದರೆ: ನೀರು ಇಳಿದು ಮೀನೆಲ್ಲ ಒಂದೇ ಮಡುವಿನಲ್ಲಿ ಗುಂಪುಗೂಡುವುದರಿಂದ ಸ್ವಲ್ಪ ವಿಷ ಬಿದ್ದರೂ ಇಡೀ ಹಿಂಡೇ ಹೋಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತು (ತಾಮ್ರದ ಸಲ್ಫೇಟ್) ನದಿಗೆ ಸೇರಿದರೆ ಮೀನಿಗೆ ವಿಷವೇ. ಹಾಗಂತ ತೋಟದವರನ್ನು ದೂರುವುದು ಸರಿಯಲ್ಲ. ಔಷಧಿ ಹೊಡೆಯದಿದ್ದರೆ ಕೊಳೆ ಬಂದು ಅವರ ವರ್ಷದ ಫಸಲೇ ಉದುರಿಹೋಗುತ್ತದೆ.

ಆದ್ದರಿಂದ ಪರೀಕ್ಷೆಯಲ್ಲಿ ಸಹಭಾಗಿಗಳ ಹೆಸರು ಬರೆಯುವಾಗ ದೇವಸ್ಥಾನ, ಮೀನುಗಾರಿಕೆ ಇಲಾಖೆ, ಪಂಚಾಯಿತಿ ಅಂತ ನಿಲ್ಲಿಸಬೇಡಿ. ದ್ರಾವಣ ಕಲಸಿದ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯಬೇಕೋ ತೋಟದೊಳಗೇ ತೊಳೆಯಬೇಕೋ ಅಂತ ತೀರ್ಮಾನಿಸುವ ಮೇಲಿನ ಊರಿನ ಕೃಷಿಕರನ್ನೂ ಸೇರಿಸಿ.