ಕಿಡಿ ಯಾರದು, ಉರುವಲು ಯಾರದು?

ಬೆಂಕಿ ಆರಿದ ಮಾರನೇ ದಿನ ನಾನು ಕಾಡಿಗೆ ಹೋಗುತ್ತೇನೆ. ಅದು ಎಲ್ಲಿ ಹುಟ್ಟಿತು, ಹೇಗೆ ಹುಟ್ಟಿತು ಅಂತ ಹುಡುಕುವುದು ನನ್ನ ಕೆಲಸ. ಗಾಡಿಯಿಂದ ಇಳಿಯುವಷ್ಟರಲ್ಲೇ ಯಾರಾದರೂ ಬಂದು ಕೇಳುತ್ತಾರೆ, "ಹಚ್ಚಿದ್ದು ಯಾರು ಸಾರ್?" ಮನೆ ಸುಟ್ಟುಹೋದವರು ಹಾಗೆ ಕೇಳುವುದು ಸಹಜ. ಆದರೆ ಇಷ್ಟು ವರ್ಷ ಸುಟ್ಟ ನೆಲದ ಮೇಲೆ ಮಂಡಿಯೂರಿದ ಮೇಲೆ ನನಗೆ ಅನ್ನಿಸಿದ್ದು, ಅದು ಒಂದಲ್ಲ, ಎರಡು ಪ್ರಶ್ನೆ. ಕಿಡಿ ಯಾರದು ಅನ್ನುವುದು ಒಂದು. ಆ ಕಿಡಿ ಊರನ್ನೇ ನುಂಗುವಷ್ಟು ಬೆಳೆದದ್ದು ಹೇಗೆ ಅನ್ನುವುದು ಇನ್ನೊಂದು. ನಾವು ಮೊದಲನೆಯದಕ್ಕೆ ಉತ್ತರ ಸಿಕ್ಕ ಕೂಡಲೇ ಫೈಲು ಮುಚ್ಚಿಬಿಡುತ್ತೇವೆ.

ಬಿಸಿಲು ಜಾಸ್ತಿಯಾದರೆ ಕಾಡು ತಾನೇ ಹೊತ್ತಿಕೊಳ್ಳುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಹಾಗಾಗುವುದಿಲ್ಲ. ಒಣಹುಲ್ಲಿಗೆ ಬೆಂಕಿ ಹತ್ತಲು 200 ಡಿಗ್ರಿಗಿಂತ ಜಾಸ್ತಿ ಶಾಖ ಬೇಕು, ಎಂಥ ಬಿರುಬೇಸಿಗೆಯಲ್ಲೂ ಗಾಳಿಯ ಬಿಸಿ 50 ಡಿಗ್ರಿ ಮುಟ್ಟುವುದೇ ಅಪರೂಪ. ಬೇಸಿಗೆ ಮಾಡುವುದು ಒಣಗಿಸುವ ಕೆಲಸ. ಗಾಳಿ 1 ಡಿಗ್ರಿ ಬಿಸಿಯಾದರೆ ಅದು ಸುಮಾರು 7 ಪರ್ಸೆಂಟ್ ಜಾಸ್ತಿ ತೇವ ಹಿಡಿದುಕೊಳ್ಳಬಲ್ಲದು. ಮಳೆ ಇಲ್ಲದಾಗ ಆ ತೇವವನ್ನು ಹುಲ್ಲಿನಿಂದ, ತರಗೆಲೆಯಿಂದ, ಮಣ್ಣಿನಿಂದ ಹೀರುತ್ತದೆ. ನಾವು ಉರುವಲನ್ನು, ಅದು ಒಣಗಲು ಸುಮಾರು ಎಷ್ಟು ಗಂಟೆ ಬೇಕು ಅನ್ನುವ ಲೆಕ್ಕದಲ್ಲಿ ಕರೆಯುತ್ತೇವೆ. ಹುಲ್ಲು, ತರಗೆಲೆ, ಸಣ್ಣ ಕಡ್ಡಿ 1 ಗಂಟೆಯ ಉರುವಲು. ದಪ್ಪ ದಿಮ್ಮಿ 1000 ಗಂಟೆಯದು. ಬೆಳಿಗ್ಗೆ ಇಬ್ಬನಿಯಲ್ಲಿ ನೆಂದ ಹುಲ್ಲು ಮಧ್ಯಾಹ್ನಕ್ಕೆ ಗರಿಗರಿ ಆಗಿರುತ್ತದೆ. ದಿಮ್ಮಿಯೂ ಒಣಗಿದ ವರ್ಷ ಬಂತು ಅಂದರೆ ನೀರು ಹೊಯ್ದು ಬಂದ ಜಾಗದಲ್ಲೇ ಎರಡು ದಿನ ಬಿಟ್ಟು ಮತ್ತೆ ಹೊಗೆ ಏಳುತ್ತದೆ.

ಹಾಗಾದರೆ ಕಿಡಿ ಎಲ್ಲಿಂದ? ಸಿಡಿಲಿನಿಂದ, ಇಲ್ಲ ನಮ್ಮಿಂದ. ಅಮೆರಿಕದಲ್ಲಿ 1992ರಿಂದ 2012ರವರೆಗಿನ ಸುಮಾರು 15 ಲಕ್ಷ ಬೆಂಕಿಗಳ ದಾಖಲೆ ನೋಡಿದಾಗ 84 ಪರ್ಸೆಂಟ್ ಮನುಷ್ಯರಿಂದಲೇ ಶುರುವಾಗಿದ್ದವು. ಮನುಷ್ಯರಿಂದ ಅಂದ ಕೂಡಲೇ ಬೇಕಂತಲೇ ಹಚ್ಚಿದ್ದು ಅಂತ ಅಂದುಕೊಳ್ಳಬೇಡಿ. ಕಸ ಸುಟ್ಟದ್ದು, ಆರಿಸದೆ ಬಿಟ್ಟುಹೋದ ಕ್ಯಾಂಪಿನ ಬೆಂಕಿ, ಕರೆಂಟ್ ತಂತಿ, ಹುಲ್ಲಿನ ಮೇಲೆ ನಿಲ್ಲಿಸಿದ ಬಿಸಿ ಸೈಲೆನ್ಸರಿನ ಗಾಡಿ, ಇಂಥವೇ ಬಹಳ. ಕ್ಯಾಲಿಫೋರ್ನಿಯಾದಲ್ಲಿ 2018ರ 'ಕಾರ್' (Carr) ಅನ್ನುವ ಹೆಸರಿನ ಕಾಡ್ಗಿಚ್ಚು ಶುರುವಾಗಿದ್ದು ಒಂದು ಟ್ರೇಲರಿನ ಟೈರ್ ಪಂಕ್ಚರ್ ಆಗಿ, ರಿಮ್ಮು ರಸ್ತೆಗೆ ಉಜ್ಜಿ ಹಾರಿದ ಕಿಡಿಯಿಂದ.

ಜನ ನನ್ನನ್ನು ಕೇಳುವುದು, ಎಲ್ಲ ಬೂದಿಯಾದ ಮೇಲೆ ಅಲ್ಲಿ ಏನು ಸಿಗುತ್ತದೆ ಅಂತ. ಬಹಳ ಸಿಗುತ್ತದೆ. ಮೊದಲು ಬಿಡಬೇಕಾದದ್ದು, ಜಾಸ್ತಿ ಸುಟ್ಟ ಕಡೆ ಬೆಂಕಿ ಹುಟ್ಟಿದೆ ಅನ್ನುವ ಯೋಚನೆ. ಹುಟ್ಟಿದ ಜಾಗದಲ್ಲಿ ಬೆಂಕಿ ಇನ್ನೂ ಕೂಸು, ಅಲ್ಲಿ ಕಡಿಮೆ ಸುಟ್ಟಿರುತ್ತದೆ. ಕಲ್ಲು ನೋಡುತ್ತೇನೆ, ಯಾವ ಮಗ್ಗುಲಿಗೆ ಮಸಿ ಹಿಡಿದಿದೆಯೋ ಆ ಕಡೆಯಿಂದ ಬೆಂಕಿ ಬಂದಿದೆ. ಹುಲ್ಲಿನ ದಂಟು ನೋಡುತ್ತೇನೆ. ಗಾಳಿಗೆ ಎದುರಾಗಿ ಮೆಲ್ಲಗೆ ತೆವಳಿದ ಬೆಂಕಿ ದಂಟಿನ ಬುಡವನ್ನು ಮಾತ್ರ ಕಡಿದಿರುತ್ತದೆ, ದಂಟು ಬೆಂಕಿ ಬಂದ ಕಡೆಗೇ ಬಾಗಿ ಬೀಳುತ್ತದೆ, ತೆನೆ ಸುಡದೆ ಹಾಗೇ ಉಳಿದಿರುತ್ತದೆ. ಬೆಂಕಿ ಮುಂದಕ್ಕೆ ನುಗ್ಗಿದ ಕಡೆ ಕೆಂಪು ಬಾವುಟ, ಪಕ್ಕಕ್ಕೆ ಹರಡಿದ ಕಡೆ ಹಳದಿ, ಹಿಂದಕ್ಕೆ ತೆವಳಿದ ಕಡೆ ನೀಲಿ ನೆಡುತ್ತಾ ಹೋದರೆ ಕೊನೆಗೆ ಒಂದು ಚಾಪೆಯಷ್ಟು ಜಾಗ ಉಳಿಯುತ್ತದೆ. ಅದನ್ನು ಭೂತಗನ್ನಡಿ ಹಿಡಿದು ನೋಡಿ, ಕೊನೆಗೆ ಅಯಸ್ಕಾಂತ ಆಡಿಸುತ್ತೇನೆ.

ಒಮ್ಮೆ ಹಾಗೆ ಆಡಿಸಿದಾಗ ಸಾಸಿವೆಗಿಂತ ಸಣ್ಣ ಕಬ್ಬಿಣದ ಚೂರುಗಳು ಅಂಟಿಕೊಂಡವು. ಪಕ್ಕದಲ್ಲೇ ಒಂದು ಕಲ್ಲು, ಅದರ ನೆತ್ತಿಯ ಮೇಲೆ ಹೊಸದಾಗಿ ಚಕ್ಕೆ ಎದ್ದ ಬಿಳಿ ಗಾಯ. ಹುಲ್ಲು ಕತ್ತರಿಸುವ ಮೆಷಿನ್ನಿನ ಬ್ಲೇಡು ತಗುಲಿದ್ದು. ಅಷ್ಟು ಹೊತ್ತಿಗೆ ಊರಿನವರು ಕುರಿ ಕಾಯುವವನೊಬ್ಬನ ಮೇಲೆ ಅನುಮಾನಪಟ್ಟು ಅವನನ್ನು ಹೊಡೆಯುವ ತನಕ ಹೋಗಿದ್ದರು. ಮೆಷಿನ್ ಓಡಿಸಿದವರು ವಯಸ್ಸಾದವರು, ಮನೆ ಸುತ್ತ ಒಣಹುಲ್ಲು ಇದ್ದರೆ ಅಪಾಯ ಅಂತಲೇ ಕತ್ತರಿಸಲು ಹೊರಟವರು. ಮಾಡಿದ ಕೆಲಸ ಸರಿ, ಮಾಡಿದ ಹೊತ್ತು ತಪ್ಪು. ಇಬ್ಬನಿ ಇರುವಾಗ ಮುಗಿಸಬೇಕಿದ್ದನ್ನು ನಡುಮಧ್ಯಾಹ್ನ ಮಾಡಿದರು. "ನನ್ನಿಂದ ಆಯ್ತಲ್ಲ" ಅಂತ ಅವರು ಕೈ ನಡುಗಿಸುತ್ತಾ ಕೂತಿದ್ದು ನನಗೆ ಇವತ್ತಿಗೂ ಮರೆತಿಲ್ಲ.

ಅವರ ಜವಾಬ್ದಾರಿ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಪೂರ್ತಿ ಅವರದೇ ಅಂತ ಬರೆದರೆ ಅದು ಸುಳ್ಳು. ಅವರ ಮನೆಯ ಮೇಲಿನ ಇಳಿಜಾರಿನಲ್ಲಿ ತರಗೆಲೆ ಮೊಣಕಾಲುದ್ದ ಬಿದ್ದಿತ್ತು. ಬೆಂಕಿ ದಾಟದ ಹಾಗೆ ಹುಲ್ಲು, ಪೊದೆ ಸವರಿ ಖಾಲಿ ಬಿಡುವ ಪಟ್ಟಿ, ಅಂದರೆ ಬೆಂಕಿ ರೇಖೆ, ಇದೆ ಅಂತ ನಕ್ಷೆಯಲ್ಲಿತ್ತು, ನೆಲದ ಮೇಲೆ ಪೊದೆ ಬೆಳೆದು ಮುಚ್ಚಿಹೋಗಿತ್ತು. ಇಳಿಜಾರು 10 ಡಿಗ್ರಿ ಏರಿದರೆ ಮೇಲಕ್ಕೆ ಓಡುವ ಬೆಂಕಿಯ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಇದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತಿರುವ ಲೆಕ್ಕ. ಗೊತ್ತಿದ್ದೂ ಆ ರೇಖೆ ಯಾರೂ ಸವರಲಿಲ್ಲ, ಅಲ್ವಾ?

ಉರುವಲು ಸುಮ್ನೆ ಬಂದು ಬೀಳುವುದಿಲ್ಲ, ಅದರ ಹಿಂದೆ ತೀರ್ಮಾನಗಳಿರುತ್ತವೆ. ಎಲ್ಲಿ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಆರಿಸಲೇಬೇಕು ಅಂತ ಅಮೆರಿಕದ ಅರಣ್ಯ ಸೇವೆ 1935ರಲ್ಲಿ ನಿಯಮ ಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ಆಗಾಗ ಸಣ್ಣಗೆ ಸುಟ್ಟು ಹಗುರವಾಗುತ್ತಿದ್ದ ಕಾಡುಗಳಲ್ಲಿ ದಶಕಗಟ್ಟಲೆ ಕಸ ತುಂಬಿಕೊಂಡಿತು. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳು ತಂಪು ಹೊತ್ತಲ್ಲಿ ಹದವಾಗಿ ಸುಡುತ್ತಿದ್ದ ಪದ್ಧತಿಯನ್ನು ಬಂದು ನೆಲೆಸಿದವರು ನಿಲ್ಲಿಸಿದರು. ಆಗ ಉಳಿದ ಉರುವಲಿಗೆ ಈಗ ಬಿಸಿಯಾಗುತ್ತಿರುವ ಹವಾಮಾನ ಸೇರಿಕೊಂಡಿದೆ.

ದೊಡ್ಡವರ ಕಿಡಿಯ ಕತೆಯೂ ಇದೆ. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರು ಸುಟ್ಟಿತು, 85 ಜನ ಸತ್ತರು. ಕಾರಣ ವಿದ್ಯುತ್ ಟವರಿನ ಒಂದು ಕಬ್ಬಿಣದ ಕೊಕ್ಕೆ. ಸುಮಾರು 100 ವರ್ಷ ನೇತಾಡಿ, ಸವೆದು, ಆ ಬೆಳಿಗ್ಗೆ ತುಂಡಾಯಿತು. ಕಂಪನಿ 2020ರಲ್ಲಿ 84 ಸಾವುಗಳಿಗೆ ತಪ್ಪೊಪ್ಪಿಕೊಂಡಿತು, ದಂಡ ಕಟ್ಟಿತು. ಜೈಲಿಗೆ ಯಾರೂ ಹೋಗಲಿಲ್ಲ. ಪ್ಯಾರಡೈಸ್ ಸುಟ್ಟ 2018ರಲ್ಲೇ, ಜುಲೈನಲ್ಲಿ, ಗ್ರೀಸ್‌ನ ಮಾತಿ ಅನ್ನುವ ಊರಲ್ಲಿ ಬೆಂಕಿಗೆ 104 ಜನ ಸತ್ತಿದ್ದರು. ಅಲ್ಲಿ 2024ರಲ್ಲಿ ಕೋರ್ಟು, ತನ್ನ ಜಾಗದಲ್ಲಿ ಕಸ ಸುಟ್ಟ ವ್ಯಕ್ತಿಯ ಜೊತೆಗೆ ಅಗ್ನಿಶಾಮಕ ದಳದ ಹಿರಿಯ ಅಧಿಕಾರಿಗಳನ್ನೂ ತಪ್ಪಿತಸ್ಥರು ಅಂದಿತು. ನಾನು ಆ ತೀರ್ಪನ್ನು ಮುಖ್ಯ ಅಂತ ನೋಡುತ್ತೇನೆ. ಕಿಡಿಯನ್ನೂ ಕೇಳಿತು, ಆಮೇಲೆ ನಡೆದದ್ದನ್ನೂ ಕೇಳಿತು.

ನಮ್ಮ ವರದಿಯ ನಮೂನೆಯಲ್ಲಿ 'ಕಾರಣ' ಅಂತ ಒಂದೇ ಸಾಲಿನ ಖಾಲಿ ಜಾಗ ಇರುತ್ತದೆ. ಮೆಷಿನ್ನಿನ ಆ ಪ್ರಕರಣದಲ್ಲಿ ಅಲ್ಲಿ 'ಬ್ಲೇಡು ಕಲ್ಲಿಗೆ ತಗುಲಿ ಕಿಡಿ' ಅಂತ ಬರೆದು, ಹಿಂದೆ ಇನ್ನೊಂದು ಹಾಳೆ ಪಿನ್ ಮಾಡಿದೆ. ರೇಖೆ ಸವರದೆ ಎಷ್ಟು ವರ್ಷವಾಗಿತ್ತು, ತರಗೆಲೆ ಎಷ್ಟು ಆಳ ಇತ್ತು, ಅಂಥ ದಿನ ಮೆಷಿನ್ ಓಡಿಸಬೇಡಿ ಅಂತ ಜನರಿಗೆ ಯಾರಾದರೂ ಹೇಳಿದ್ದರಾ, ಎಲ್ಲ ಬರೆದೆ. ಆವತ್ತು ಹೇಳಿದವರು ಯಾರೂ ಇರಲಿಲ್ಲ. ಎಚ್ಚರಿಕೆಯ ಮೆಸೇಜು ಫೋನುಗಳಿಗೆ ಬಂದದ್ದು ಬೆಂಕಿ ಗುಡ್ಡದ ನೆತ್ತಿ ಮುಟ್ಟಿದ ಮೇಲೆ.